ಸಿಟೀಸ್: ಸ್ಕೈಲೈನ್ಸ್ – ಐದು ಪೇಟೆ ಕೆಡಿಸಿದ ಮೇಲೆ ಬರೆದ ರಿವ್ಯೂ

ನನ್ನ ಮೊದಲ ಊರಿನ ಜನ ಕಾಯಿಲೆ ಬಿದ್ದದ್ದು ಅವರದೇ ಕಕ್ಕಸಿನ ನೀರು ಕುಡಿದು. ಹೊಳೆಯ ಮೇಲ್ಗಡೆ ಚರಂಡಿ ಪೈಪು ಬಿಟ್ಟಿದ್ದೆ, ಅದರಿಂದ ಸ್ವಲ್ಪ ಕೆಳಗೆ ಕುಡಿಯುವ ನೀರಿನ ಪಂಪು ಇಟ್ಟಿದ್ದೆ. ಎರಡೂ ಹತ್ತಿರ ಇದ್ದರೆ ಪೈಪಿನ ಖರ್ಚು ಕಡಿಮೆ ಅಂತ ಲೆಕ್ಕ. ಸ್ವಲ್ಪ ಹೊತ್ತಿಗೆ ಹೊಳೆ ಕಂದು ಬಣ್ಣಕ್ಕೆ ತಿರುಗಿತು. ಮನೆಗಳ ಮೇಲೆಲ್ಲ ಕಾಯಿಲೆಯ ಗುರುತು ಬಂತು, ಆಸ್ಪತ್ರೆ ಕಟ್ಟಿದೆ, ಸಾಕಾಗಲಿಲ್ಲ, ಇನ್ನೊಂದು ಕಟ್ಟಿದೆ, ದುಡ್ಡು ಮುಗಿಯಿತು. ತಮಾಷೆ ಏನು ಅಂದರೆ ನಮ್ಮ ಮನೆಯಿಂದ ಇಳಿದರೆ ತೋಡು, ತೋಡು ಇಳಿದರೆ ಹೊಳೆ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಹುಟ್ಟಿ ಬೆಳೆದವನು ನಾನು. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅಂತ ಒಮ್ಮೆ ನೋಡೋಣ ಅಂತ ತಲೆಗೇ ಹೊಳೆಯಲಿಲ್ಲ.

ಇದು ಸಿಟೀಸ್: ಸ್ಕೈಲೈನ್ಸ್ ಅನ್ನುವ ಕಂಪ್ಯೂಟರ್ ಆಟದ ವಿಷಯ. ಊರು ಕಟ್ಟುವ ಆಟ. ಬಂದದ್ದು 2015ರ ಮಾರ್ಚ್ 10ರಂದು, ಅಂದರೆ ಹಳೆಯದೇ. ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ರಿವ್ಯೂ ಅಂದರೆ ನನಗೆ ಸಿಕ್ಕಿದ್ದೇ ಈಗ. ಅಕ್ಕನ ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ, ರಜೆಗೆ ಬಂದವನು ನನ್ನ ಲ್ಯಾಪ್‌ಟಾಪಿಗೆ ಇದನ್ನು ಹಾಕಿಕೊಟ್ಟು ಹೋದ. ಮಳೆಗಾಲ ಇಡೀ ಆಡಿದೆ. ಐದು ಊರು ಹಾಳು ಮಾಡಿದೆ. ಆರನೆಯದು ಸದ್ಯಕ್ಕೆ ನಿಂತಿದೆ.

ಆಟ ಮಾಡಿದವರು ಫಿನ್ಲೆಂಡಿನ ತಾಂಪೆರೆ ಅನ್ನುವ ಊರಿನ ಕೊಲಾಸಲ್ ಆರ್ಡರ್ ಎಂಬ ಸಣ್ಣ ಕಂಪನಿಯವರು. ಮಾಡುವಾಗ ಅವರಲ್ಲಿ ಇದ್ದದ್ದು ಹದಿಮೂರೇ ಜನ. ಅದಕ್ಕೂ ಮೊದಲು 2011ರಲ್ಲಿ ಅವರು ಮಾಡಿದ್ದು ಸಿಟೀಸ್ ಇನ್ ಮೋಷನ್ ಅಂತ, ಊರೊಳಗೆ ಬಸ್ಸು, ಟ್ರಾಮು ಓಡಿಸುವ ಆಟ. ಈ ಒಂದು ವಿಷಯ ಗೊತ್ತಿದ್ದರೆ ಸ್ಕೈಲೈನ್ಸ್ ಅರ್ಧ ಅರ್ಥವಾದ ಹಾಗೆ. ಮೇಲ್ನೋಟಕ್ಕೆ ಕಟ್ಟಡ ಕಟ್ಟುವ ಆಟದ ಹಾಗೆ ಕಾಣುತ್ತದೆ, ಒಳಗೆ ಪೂರ್ತಿ ರಸ್ತೆಯದೇ ಆಟ. ಬಸ್ಸಿನವರು ಕಟ್ಟಿದ ಊರು ಇದು.

ಇಂಥ ಆಟಗಳ ಅಜ್ಜ ಸಿಮ್‌ಸಿಟಿ, 1989ರದ್ದು. ಅದು ಹುಟ್ಟಿದ ರೀತಿ ನನಗೆ ಬಹಳ ಇಷ್ಟ. ವಿಲ್ ರೈಟ್ ಅನ್ನುವವನು 1984ರಲ್ಲಿ ಹೆಲಿಕಾಪ್ಟರಿನಿಂದ ಬಾಂಬ್ ಹಾಕುವ ಒಂದು ಆಟ ಮಾಡಿದ್ದ. ಬಾಂಬ್ ಬೀಳಬೇಕಾದ ದ್ವೀಪಗಳನ್ನು, ಅದರಲ್ಲಿನ ರಸ್ತೆ ಕಟ್ಟಡಗಳನ್ನು ಬಿಡಿಸುತ್ತಾ ಕೂತಾಗ ಅವನಿಗೆ ಅನಿಸಿತಂತೆ, ಸುಡುವುದಕ್ಕಿಂತ ಈ ಕಟ್ಟುವುದೇ ಮಜಾ ಅಲ್ವಾ ಅಂತ. ಅಲ್ಲಿಂದ ಶುರು. 2013ರ ಸಿಮ್‌ಸಿಟಿಗೆ ಯಾವಾಗಲೂ ಇಂಟರ್ನೆಟ್ ಬೇಕಿತ್ತು, ಸರ್ವರ್ ಕೈಕೊಟ್ಟಿತು, ಊರಿಗೆ ಜಾಗವೂ ಚಿಕ್ಕದಿತ್ತು. ಜನ ಬೇಸತ್ತು ಕೂತಿದ್ದಾಗ ಸ್ಕೈಲೈನ್ಸ್ ಬಂತು. ಇದಕ್ಕೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ನೆಟ್ಟು ಎಷ್ಟು ಗಂಟೆ ಇರುತ್ತದೆ ಅಂತ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

ಹೊಸದಾಗಿ ಶುರು ಮಾಡುವವರು ಒಂದು ಕೆಲಸ ಮರೆಯಬೇಡಿ. ಮ್ಯಾಪ್ ಆರಿಸುವ ಜಾಗದಲ್ಲೇ ವಾಹನ ಎಡಗಡೆ ಹೋಗಲಿ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿ. ನಾನು ಒತ್ತಿರಲಿಲ್ಲ. ಎರಡು ಊರು ಪೂರ್ತಿ ಬಲಗಡೆಯ ಲೆಕ್ಕದಲ್ಲಿ ಕಟ್ಟಿದೆ, ಹೈವೇಯಿಂದ ಇಳಿಯುವ ರಸ್ತೆಯನ್ನು ಪ್ರತಿ ಸಲ ಉಲ್ಟಾ ಎಳೆಯುತ್ತಿದ್ದೆ, ಲಾರಿಯವರು ಹತ್ತುವ ಜಾಗವಿಲ್ಲದೆ ಎಲ್ಲೆಲ್ಲೋ ಸುತ್ತಿ ಬರುತ್ತಿದ್ದರು, ನನಗೆ ಮಾತ್ರ ಎಂತಕ್ಕೆ ಹೀಗಾಗುತ್ತದೆ ಅಂತ ಗೊತ್ತೇ ಆಗಲಿಲ್ಲ.

ಕೈಯಲ್ಲಿ ಮೊದಲಿಗೆ 70,000 ಇರುತ್ತದೆ, ಆಟದ ದುಡ್ಡು. ಜಾಗ ಹೆಚ್ಚುಕಮ್ಮಿ ಎರಡು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಒಂದು ತುಂಡು, ಒಂದು ಮೂಲೆಯಲ್ಲಿ ಹೈವೇ. ಅಲ್ಲಿಂದ ನೀವು ರಸ್ತೆ ಎಳೆಯಬೇಕು. ರಸ್ತೆಯ ಎರಡೂ ಬದಿ ನಾಲ್ಕು ಚೌಕದಷ್ಟು ಆಳಕ್ಕೆ ಜಾಗ ತೆರೆದುಕೊಳ್ಳುತ್ತದೆ. ಅದಕ್ಕೆ ಹಸಿರು ಹಚ್ಚಿದರೆ ಮನೆ, ನೀಲಿ ಹಚ್ಚಿದರೆ ಅಂಗಡಿ, ಹಳದಿ ಹಚ್ಚಿದರೆ ಕಾರ್ಖಾನೆ. ಮನೆ ನೀವು ಕಟ್ಟುವುದಲ್ಲ, ಜನ ಬಂದು ಅವರೇ ಕಟ್ಟಿಕೊಳ್ಳುತ್ತಾರೆ. ನಿಮ್ಮದು ಕರೆಂಟು, ನೀರು, ಕಸ, ಶಾಲೆ, ಪೊಲೀಸು, ಬಸ್ಸು, ಹೆಣ. ಜನ ಹೆಚ್ಚಾದ ಹಾಗೆ ಹೊಸ ಹೊಸ ಸೌಲಭ್ಯ ಸಿಗುತ್ತಾ ಹೋಗುತ್ತದೆ, ಪಕ್ಕದ ಜಾಗ ಕೊಳ್ಳಲು ಬಿಡುತ್ತಾರೆ, ಒಟ್ಟು ಒಂಬತ್ತು ತುಂಡಿನವರೆಗೆ.

ಹೊಸಬರು ಮುಗ್ಗರಿಸುವುದು ಇಲ್ಲೇ. 70,000 ಅಂದರೆ ಜಾಸ್ತಿ ಅಂತ ಕಾಣುತ್ತದೆ. ಒಂದು ಗಾಳಿಯಂತ್ರಕ್ಕೆ 6,000, ಕಲ್ಲಿದ್ದಲ ಸ್ಥಾವರಕ್ಕೆ 19,000. ನಾನು ಎರಡನೇ ಊರಿನಲ್ಲಿ ಉತ್ಸಾಹದಿಂದ ಮೊದಲೇ ಕಲ್ಲಿದ್ದಲ ಸ್ಥಾವರ, ಉದ್ದಕ್ಕೆ ಅಗಲ ರಸ್ತೆ, ಎರಡು ಕ್ಲಿನಿಕ್ ಎಲ್ಲ ಮಾಡಿ ಮುಗಿಸಿದೆ. ಜನ ಇನ್ನೂ ನಾನೂರು ದಾಟಿರಲಿಲ್ಲ. ಕಟ್ಟಿದ್ದಕ್ಕೆಲ್ಲ ವಾರ ವಾರ ಖರ್ಚು ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಗೃಹಪ್ರವೇಶಕ್ಕೇ ಸಾಲ ಮಾಡಿದವನ ಹಾಗಾಯಿತು. ಈಗ ನಾನು ಮಾಡುವುದು ಇಷ್ಟೇ. ಒಂದು ಗಾಳಿಯಂತ್ರ, ಒಂದು ಪಂಪು, ಒಂದು ಪೈಪು, ಸಣ್ಣ ರಸ್ತೆ ನಾಲ್ಕು. ವಾರದ ಆದಾಯ ಖರ್ಚಿಗಿಂತ ಹೆಚ್ಚಾಗುವವರೆಗೆ ಕೈ ಕಟ್ಟಿ ಕೂರುವುದು. ತೆರಿಗೆ ಮೊದಲಿಗೆ ನೂರಕ್ಕೆ 9 ಇರುತ್ತದೆ, ಕಷ್ಟ ಬಂದರೆ 12ರವರೆಗೆ ಏರಿಸಿದರೂ ಜನ ಅಷ್ಟೇನೂ ಗಲಾಟೆ ಮಾಡುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಗಂಟುಮೂಟೆ ಕಟ್ಟುತ್ತಾರೆ.

ಇನ್ನು ರಸ್ತೆ. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ.

ಮೂರನೇ ಊರು ಎಂಟು ಸಾವಿರ ಜನಕ್ಕೆ ನಿಂತುಹೋಯಿತು. ಊರೆಲ್ಲ ಬ್ಲಾಕ್. ಕಸದ ಗಾಡಿ ಬರುವುದಿಲ್ಲ, ಅಂಗಡಿಗೆ ಸಾಮಾನು ಬರುವುದಿಲ್ಲ, ಬೆಂಕಿ ಬಿದ್ದರೆ ಫೈರ್ ಎಂಜಿನ್ ಲಾರಿಗಳ ಹಿಂದೆ ಸರದಿಯಲ್ಲಿ ನಿಂತಿರುತ್ತದೆ. ನನ್ನ ಬುದ್ಧಿಗೆ ತೋಚಿದ್ದು ಒಂದೇ, ರಸ್ತೆ ಅಗಲ ಮಾಡು. ಎರಡು ಲೇನ್ ಇದ್ದದ್ದನ್ನು ನಾಲ್ಕು ಮಾಡಿದೆ, ನಾಲ್ಕನ್ನು ಆರು ಮಾಡಿದೆ. ಬ್ಲಾಕ್ ಇನ್ನೂ ಜಾಸ್ತಿಯಾಯಿತು. ಅಷ್ಟರಲ್ಲಿ ಅಳಿಯ, ಅದೇ ಅಕ್ಕನ ಮಗ, ಓಣಂ ರಜೆಗೆ ಬಂದ. ಕುರ್ಚಿ ಎಳೆದುಕೊಂಡು ಕೂತು ಎರಡು ನಿಮಿಷ ಮಾತೇ ಆಡದೆ ನೋಡಿದ. "ಮಾವ, ಆರು ಲೇನ್ ಮಾಡಿದ್ದೀರಿ ಸರಿ. ಐವತ್ತು ಮೀಟರಿಗೆ ಒಂದು ಜಂಕ್ಷನ್ ಇಟ್ಟರೆ ಆರು ಲೇನ್ ಇದ್ದು ಎಂತ ಪ್ರಯೋಜನ?" ಅಂದ.

ಆಟದಲ್ಲಿ ದೊಡ್ಡ ರಸ್ತೆಗೆ ಇನ್ನೊಂದು ರಸ್ತೆ ಸೇರಿದ ಕಡೆಯಲ್ಲೆಲ್ಲ ಸಿಗ್ನಲ್ ತಾನಾಗಿ ಬರುತ್ತದೆ. ನಾನು ದೊಡ್ಡ ರಸ್ತೆಗೆ ಎರಡೂ ಬದಿಯಿಂದ ಓಣಿ ಓಣಿ ಸೇರಿಸಿಟ್ಟಿದ್ದೆ. ಒಂದು ಕೆಂಪು ದೀಪ ದಾಟಿ ಗಾಡಿ ವೇಗ ಹಿಡಿಯುವಷ್ಟರಲ್ಲಿ ಇನ್ನೊಂದು ಕೆಂಪು ದೀಪ. ಅಗಲ ಮಾಡಿದಷ್ಟೂ ನಿಲ್ಲುವ ಗಾಡಿ ಜಾಸ್ತಿ, ಅಷ್ಟೇ. ಅಳಿಯ ಮಾಡಿದ ಕೆಲಸ ಹೇಳುತ್ತೇನೆ, ಇದು ಯಾರಿಗೂ ಉಪಯೋಗ. ಮೊದಲು ದೊಡ್ಡ ರಸ್ತೆಗೆ ಸೇರಿದ್ದ ಹನ್ನೆರಡು ಓಣಿಯಲ್ಲಿ ಒಂಬತ್ತನ್ನು ಕಡಿದುಹಾಕಿದ. ಆ ಓಣಿಗಳನ್ನೆಲ್ಲ ಹಿಂದಿನಿಂದ ಒಂದು ನಡುಗಾತ್ರದ ರಸ್ತೆಗೆ ಸೇರಿಸಿದ, ಆ ನಡು ರಸ್ತೆ ಮಾತ್ರ ದೊಡ್ಡದಕ್ಕೆ ಬಂದು ಸೇರುವ ಹಾಗೆ. ಹೈವೇ ಬಾಯಿಯಲ್ಲಿ ಸಿಗ್ನಲ್ ಇದ್ದ ಕಡೆ ಒಂದು ಸರ್ಕಲ್ ಹಾಕಿದ. ಕಾರ್ಖಾನೆಗಳಿಗೆ ಬೇರೆಯೇ ದಾರಿ, ಹೈವೇಯಿಂದ ನೇರ. ಹತ್ತು ನಿಮಿಷದಲ್ಲಿ ಲಾರಿಗಳ ಸಾಲು ಕರಗಿತು. ನಾನು ಎರಡು ದಿನ ದುಡ್ಡು ಸುರಿದು ಮಾಡದ ಕೆಲಸವನ್ನು ಆ ಹುಡುಗ ರಸ್ತೆ ಕಡಿದು ಮಾಡಿದ.

ಇದನ್ನು ನೋಡುವಾಗ ನಮ್ಮ ಹೈವೇ ನೆನಪಾಗದೆ ಇರುತ್ತದಾ. ತಲಪಾಡಿಯಿಂದ ಚೆಂಗಳದ ಕಡೆಗೆ ಆರು ಲೇನಿನ ಕೆಲಸ ನಡೆದಾಗ ನಾವೆಲ್ಲ ಬೈದದ್ದೇ ಬೈದದ್ದು. ಎದುರಿನ ಅಂಗಡಿಗೆ ಹೋಗಲು ಸರ್ವಿಸ್ ರೋಡಿನಲ್ಲಿ ಅಷ್ಟು ದೂರ ಹೋಗಿ ಕೆಳಗಿನಿಂದ ದಾಟಿ ಬರಬೇಕು, ಇದೆಂತ ಅವಸ್ಥೆ ಅಂತ. ಆಟದಲ್ಲಿ ಹೈವೇ ಬದಿಗೆ ಮನೆ ಅಂಗಡಿ ಕಟ್ಟಲು ಬಿಡುವುದೇ ಇಲ್ಲ. ಯಾಕೆ ಅಂತ ಮೂರನೇ ಊರು ಸತ್ತ ಮೇಲೆ ತಿಳಿಯಿತು. ಹಾಗಂತ ಬೈದದ್ದು ತಪ್ಪು ಅಂತ ನಾನು ಒಪ್ಪುವುದಿಲ್ಲ. ಆಟದಲ್ಲಿ ಹೈವೇ ಮೊದಲು, ಊರು ಆಮೇಲೆ. ನಮ್ಮಲ್ಲಿ ಉಪ್ಪಳ, ಕುಂಬಳೆ ಎಲ್ಲ ಮೊದಲು, ಆರು ಲೇನು ಆಮೇಲೆ. ಈ ವ್ಯತ್ಯಾಸ ಆಟದಲ್ಲಿ ಎಲ್ಲೂ ಇಲ್ಲ. ಅಲ್ಲಿ ಬುಲ್‌ಡೋಜರ್ ಗುಂಡಿ ಒತ್ತಿದರೆ ಮನೆ ಮಾಯ, ಆ ಮನೆಯವರು ಕೇಸು ಹಾಕುವುದಿಲ್ಲ, ತೆಂಗಿನ ಮರಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳುವುದೂ ಇಲ್ಲ.

ಯಾವ ರಸ್ತೆಯ ಮೇಲೆ ಒತ್ತಿದರೂ ಅದರಲ್ಲಿ ಹೋಗುವ ಗಾಡಿಗಳು ಎಲ್ಲಿಂದ ಎಲ್ಲಿಗೆ ಹೊರಟಿವೆ ಅಂತ ಗೆರೆ ಎಳೆದು ತೋರಿಸುವ ಸೌಲಭ್ಯವೊಂದಿದೆ. ಬ್ಲಾಕ್ ಆದಾಗ ರಸ್ತೆ ಅಗಲ ಮಾಡುವ ಮೊದಲು ಅದನ್ನು ನೋಡಿ. ನನ್ನ ಮನೆಗಳ ನಡುವೆ ಹೋಗುತ್ತಿದ್ದ ಲಾರಿಗಳಿಗೆ ಆ ಬೀದಿಯಲ್ಲಿ ಯಾವ ಕೆಲಸವೂ ಇರಲಿಲ್ಲ, ಬೇರೆ ದಾರಿ ಇಲ್ಲದೆ ಬರುತ್ತಿದ್ದವು. ಹಾಗೇ ಬಸ್ಸು. ಇಡೀ ಊರು ಸುತ್ತುವ ಒಂದೇ ಉದ್ದದ ರೂಟು ಹಾಕಬೇಡಿ. ನಮ್ಮ ಖಾಸಗಿ ಬಸ್ಸುಗಳ ಹಾಗೆ ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಒಂದೂ ಬರುವುದಿಲ್ಲ. ವ್ಯತ್ಯಾಸ ಏನಂದರೆ ಇಲ್ಲಿ ಟೈಮಿಂಗಿಗೆ ಕಂಡಕ್ಟರುಗಳ ಜಗಳ ಇಲ್ಲ. ಸಣ್ಣ ಸಣ್ಣ ರೂಟು ನಾಲ್ಕು ಹಾಕಿದರೆ ಜನ ಹತ್ತುತ್ತಾರೆ.

ಗಾಡಿಗಳಿಗೆ ಬುದ್ಧಿ ಕಡಿಮೆ, ಇದು ಆಟದ ದೊಡ್ಡ ದೋಷ, ಆಡುವವರೆಲ್ಲ ಹೇಳುವಂಥದ್ದೇ. ಮುಂದೆ ಎಲ್ಲೋ ಎಡಕ್ಕೆ ತಿರುಗಬೇಕು ಅಂತಾದರೆ ಸುಮಾರು ದೂರದಿಂದಲೇ ಎಲ್ಲರೂ ಎಡ ಲೇನ್ ಹಿಡಿದು ಸಾಲು ನಿಲ್ಲುತ್ತಾರೆ, ಪಕ್ಕದ ಲೇನು ಖಾಲಿ ಬಿದ್ದಿರುತ್ತದೆ. ನಮ್ಮೂರ ಆಟೋದವರು ನೋಡಿದರೆ ನಕ್ಕಾರು. ಇನ್ನೊಂದು ವಿಚಿತ್ರ ಇದೆ. ಬಹಳ ಹೊತ್ತು ಬ್ಲಾಕಿನಲ್ಲಿ ಸಿಕ್ಕಿದ ಗಾಡಿ ಮಾಯವಾಗಿಬಿಡುತ್ತದೆ. ಪಾರ್ಕಿಂಗಿನ ರಗಳೆಯೂ ಇಲ್ಲ, ಕಾರು ಇಡಲು ಜಾಗ ಸಿಗದಿದ್ದರೆ ಜನ ಅದನ್ನು ಕಿಸೆಗೆ ಹಾಕಿಕೊಂಡ ಹಾಗೆ ನಡೆದುಹೋಗುತ್ತಾರೆ. ಕಾಸರಗೋಡು ಪೇಟೆಯಲ್ಲಿ ಶನಿವಾರ ಸಂಜೆ ನನಗೆ ಬೇಕಾದ ಸೌಲಭ್ಯ ಅದೊಂದೇ.

ನಾಲ್ಕನೇ ಊರು ಹೋದದ್ದು ಹೆಣದಿಂದ. ನಗಬೇಡಿ. ದುಡ್ಡು ಕೈಯಲ್ಲಿತ್ತು ಅಂತ ಒಂದೇ ಸಲಕ್ಕೆ ಗುಡ್ಡ ಇಡೀ ಹಸಿರು ಹಚ್ಚಿದೆ. ಸಾವಿರಾರು ಜನ ಒಟ್ಟಿಗೆ ಬಂದರು, ಎಲ್ಲರೂ ಹೆಚ್ಚುಕಮ್ಮಿ ಒಂದೇ ಪ್ರಾಯದವರು. ಒಂದೇ ಪ್ರಾಯದವರು ಒಟ್ಟಿಗೆ ಬಂದರೆ ಒಟ್ಟಿಗೇ ಮುದುಕರಾಗುತ್ತಾರೆ, ಒಟ್ಟಿಗೇ ಸಾಯುತ್ತಾರೆ. ಆಟದ ಲೆಕ್ಕದಲ್ಲಿ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಊರಿನ ಮನೆಮನೆಯ ಮೇಲೂ ತಲೆಬುರುಡೆ ಗುರುತು ಬಂತು. ಹೆಣದ ಗಾಡಿ ಸಾಕಾಗಲಿಲ್ಲ, ಹೆಣ ಎತ್ತದ ಮನೆಗಳನ್ನು ತೊರೆದು ಉಳಿದವರು ಹೊರಟುಹೋದರು, ತೆರಿಗೆ ನಿಂತಿತು. ಆಡುವವರು ಇದಕ್ಕೆ ಡೆತ್ ವೇವ್ ಅಂತಾರೆ. ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಡೀ ತೋಟಕ್ಕೆ ಒಂದೇ ವರ್ಷ ಸಸಿ ಇಟ್ಟರೆ ಒಂದೇ ಕಾಲಕ್ಕೆ ಹಳೆಯದಾಗುತ್ತದೆ. ಅದಕ್ಕೇ ನಡುನಡುವೆ ಎಡೆಸಸಿ ಇಡುವುದು. ಈಗ ನಾನು ಒಂದು ಸಲಕ್ಕೆ ಒಂದು ಬೀದಿ ಮಾತ್ರ ಹಚ್ಚುವುದು, ಸ್ವಲ್ಪ ಬಿಟ್ಟು ಇನ್ನೊಂದು.

ಕಾರ್ಖಾನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಗಳಿಂದ ದೂರ ಇಡಿ. ಅದರ ಕೆಳಗಿನ ಮಣ್ಣು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕಾರ್ಖಾನೆ ಕಿತ್ತ ಮೇಲೂ ಸುಲಭಕ್ಕೆ ಹೋಗುವುದಿಲ್ಲ, ಆ ಮಣ್ಣಿನ ಮೇಲೆ ನೀರಿನ ಟವರ್ ಇಟ್ಟರೆ ಊರಿಡೀ ವಿಷ ಕುಡಿಯುತ್ತದೆ. ಮಣ್ಣಿಗೆ ಸೇರಿದ ವಿಷದ ಕತೆ ಎಂಡೋಸಲ್ಫಾನ್ ಕಂಡ ನಮ್ಮ ಕಡೆಯವರಿಗೆ ಆಟ ಹೇಳಿಕೊಡಬೇಕಾಗಿಲ್ಲ. ಬೇಸಾಯ ಮತ್ತು ಮರದ ಕೆಲಸಕ್ಕೆ ಬೇರೆ ವಿಭಾಗ ಮಾಡಬಹುದು, ಅದು ಮಣ್ಣು ಕೆಡಿಸುವುದಿಲ್ಲ, ಮುಗಿಯುವುದೂ ಇಲ್ಲ. ಅದಿರು, ಎಣ್ಣೆ ತೆಗೆದರೆ ದುಡ್ಡು ಬರುತ್ತದೆ, ಒಂದು ದಿನ ಖಾಲಿಯೂ ಆಗುತ್ತದೆ.

ಐದನೇ ಊರಿನ ಕತೆಗೆ ಬರುತ್ತೇನೆ, ಇದಕ್ಕಾಗಿಯೇ ಇಷ್ಟು ಬರೆದದ್ದು.

ಊರು ಚೆನ್ನಾಗಿ ನಡೆಯುತ್ತಿತ್ತು. ಇಪ್ಪತ್ತು ಸಾವಿರ ಜನ. ಕರೆಂಟು ಸಾಲದಾಯಿತು. ಎರಡು ಗುಡ್ಡಗಳ ನಡುವೆ ಹೊಳೆ ಸಪೂರ ಆಗುವ ಜಾಗ ಒಂದಿತ್ತು. ಅಲ್ಲಿ ಒಡ್ಡು ಕಟ್ಟಿ ಕರೆಂಟು ತೆಗೆಯೋಣ ಅಂತ ಕಟ್ಟಿದೆ. ಈ ಆಟದಲ್ಲಿ ನೀರು ಸುಮ್ನೆ ನೀಲಿ ಚಿತ್ರ ಅಲ್ಲ, ನಿಜವಾಗಿ ಹರಿಯುತ್ತದೆ, ತಗ್ಗು ಹುಡುಕುತ್ತದೆ, ತುಂಬುತ್ತದೆ, ಉಕ್ಕುತ್ತದೆ. ಮೊದಲು ಕೆಳಗಿನ ಹೊಳೆ ಬತ್ತಿತು. ಅಲ್ಲಿದ್ದ ನನ್ನ ಪಂಪು ಗಾಳಿ ಎಳೆಯತೊಡಗಿತು. ಮೇಲ್ಗಡೆ ನೀರು ನಿಧಾನ ಏರಿತು. ಒಂದು ಕಡೆ ಗುಡ್ಡದ ನಡುವೆ ತಗ್ಗು ಇತ್ತು, ನಾನು ಗಮನಿಸಿರಲಿಲ್ಲ. ನೀರು ಗಮನಿಸಿತು. ಆ ತಗ್ಗಿನಿಂದ ಇಳಿದು ಹಿಂದಿನ ಬೀದಿಗಳಿಗೆ ಹೊಕ್ಕಿತು.

ಆಗ ಅಜ್ಜ ಪಕ್ಕದಲ್ಲಿ ಕೂತಿದ್ದರು. ಅಮ್ಮನ ಅಪ್ಪ, ಏತಡ್ಕದ ಕಡೆಯವರು, ಮಳೆಗಾಲದಲ್ಲಿ ನಮ್ಮಲ್ಲಿರುತ್ತಾರೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಇದ್ದವರು ಕೈ ನಿಲ್ಲಿಸಿ ಸ್ಕ್ರೀನಿಗೆ ಬಗ್ಗಿದರು. ಆಟ, ಮ್ಯಾಪು, ಫಿನ್ಲೆಂಡು ಒಂದೂ ಅವರಿಗೆ ಗೊತ್ತಿಲ್ಲ. ನೀರು ಗೊತ್ತು. "ಮಾಣೀ, ನೀರಿಂಗೆ ಹೋಪಲೆ ದಾರಿ ಬೇಡದೋ?" ಅಂದರು. ನೀರಿಗೆ ಹೋಗಲಿಕ್ಕೆ ದಾರಿ ಬೇಡವಾ ಅಂತ.

ಅವರ ಕಡೆ ಹೊಳೆಗೆ ಕಟ್ಟ ಹಾಕುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆ ನಿಂತು ಹೊಳೆ ಇಳಿದ ಮೇಲೆ ಊರವರು ಸೇರಿ ಕಲ್ಲು ಮಣ್ಣಿನಿಂದ ಅಡ್ಡ ಒಡ್ಡು ಕಟ್ಟುತ್ತಾರೆ, ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹಾಕುತ್ತಾರೆ. ನೀರು ನಿಂತರೆ ಆಚೀಚಿನ ಬಾವಿ, ಕೆರೆಗಳಿಗೆ ಒರತೆ ಏರುತ್ತದೆ, ತೋಟಕ್ಕೆ ಬೇಸಿಗೆ ದಾಟುತ್ತದೆ. ಮಳೆಗಾಲಕ್ಕೆ ಅದು ಇರುವುದಿಲ್ಲ, ಇರಲೂ ಬಾರದು. ಒಂದೇ ದೊಡ್ಡ ಕಟ್ಟವನ್ನು ನಂಬಿ ಯಾರೂ ಕೂರುವುದಿಲ್ಲ, ಮೇಲೊಂದು ಕೆಳಗೊಂದು ಅಂತ ಸಾಲಾಗಿ ಇರುತ್ತವೆ. ತುಂಬಿದ ನೀರು ಮೇಲಿನಿಂದ ದಾಟಿ ಮುಂದಿನದಕ್ಕೆ ಹೋಗಬೇಕು. ಅಜ್ಜ ಕೇಳಿದ ಮೊದಲ ಪ್ರಶ್ನೆಯೇ ಅದು, ತುಂಬಿದ ಮೇಲೆ ಎಲ್ಲಿಂದ ದಾಟುತ್ತದೆ? ಎರಡನೆಯದು, ಕೆಳಗಿನ ಮನೆಯವರಿಗೆ ಎಂತ ನೀರು?

ನನ್ನ ಹತ್ತಿರ ಎರಡಕ್ಕೂ ಉತ್ತರ ಇರಲಿಲ್ಲ. ಗಾಬರಿಯಲ್ಲಿ ಒಡ್ಡನ್ನೇ ಬುಲ್‌ಡೋಜರಿನಿಂದ ತೆಗೆದೆ. ಅಜ್ಜ "ಅಯ್ಯೋ" ಅಂದದ್ದು ಕೇಳಿಸಿತು, ಅಷ್ಟರಲ್ಲಿ ನಿಂತ ನೀರೆಲ್ಲ ಗೋಡೆಯ ಹಾಗೆ ಎದ್ದು ಕೆಳಗಿಳಿದು ಹೊಳೆಬದಿಯ ಪೇಟೆ, ಪಂಪು, ಸೇತುವೆ ಪಕ್ಕದ ಮನೆಗಳು ಎಲ್ಲದರ ಮೇಲೂ ಹೋಯಿತು. ನೋಡಲು ಚಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಅಜ್ಜ ಎಲೆ ಬಾಯಿಗೆ ಹಾಕಿಕೊಂಡು ಎದ್ದು ಹೋದರು.

ಆರನೇ ಊರಿನ ಜಾಗ ಅವರನ್ನು ಕೂರಿಸಿಕೊಂಡೇ ನೋಡಿದೆ. ಆಟದಲ್ಲಿ ಕ್ಯಾಮೆರಾ ನೆಲದವರೆಗೂ ಇಳಿಸಬಹುದು. ಅವರು ಅಲ್ಲಿ ಇಳಿಸು, ಇಲ್ಲಿ ತಿರುಗಿಸು ಅಂತ ಹೇಳಿ ಗುಡ್ಡದ ತಗ್ಗುಗಳನ್ನೆಲ್ಲ ನೋಡಿಸಿದರು. ಒಡ್ಡು ಬಹಳ ಮೇಲೆ, ಊರು ಮುಟ್ಟುವ ಮೊದಲು. ಪಂಪು ಮೇಲ್ಗಡೆ, ಚರಂಡಿ ಪೈಪು ಊರು ದಾಟಿದ ಮೇಲೆ ಕೊನೆಗೆ. ಹೊಳೆಯ ಎರಡೂ ಬದಿ ಜಾಗ ಖಾಲಿ ಬಿಟ್ಟು ಮರ. ಒಡ್ಡು ತುಂಬುವವರೆಗೆ ಕೆಳಗಿನವರಿಗೆ ಟವರ್ ನೀರು. ಯೂಟ್ಯೂಬಿನಲ್ಲಿ ನಾನು ನೋಡಿದ ಪಾಠಗಳಲ್ಲಿ ರಸ್ತೆ, ಸರ್ಕಲ್, ತೆರಿಗೆ ಎಲ್ಲ ಇತ್ತು. ಇಷ್ಟು ಬಿಡಿಸಿ ನೀರಿನ ವಿಷಯ ಯಾರೂ ಹೇಳಿರಲಿಲ್ಲ.

ಒಂದು ಬೇಜಾರು ಇದೆ. ಇಷ್ಟು ಚಂದದ ನೀರು ಮಾಡಿದವರು ಮಳೆಯನ್ನು ಬರೀ ನೋಡಲಿಕ್ಕೆ ಇಟ್ಟಿದ್ದಾರೆ. ಮಳೆ ಬರುತ್ತದೆ, ಸ್ಕ್ರೀನು ಮಬ್ಬಾಗುತ್ತದೆ, ಹೊಳೆ ಒಂದು ಅಂಗುಲ ಏರುವುದಿಲ್ಲ. ಕರ್ಕಾಟಕ ಮಾಸದಲ್ಲಿ ಹೊರಗೆ ಹಂಚಿನ ಮೇಲೆ ಸುರಿಯುವುದನ್ನು ಕೇಳುತ್ತಾ ಒಳಗೆ ಅದನ್ನು ನೋಡಿದರೆ ನಗು ಬರುತ್ತದೆ. ಬಾವಿ ಇಲ್ಲ, ನಮ್ಮ ಬಾಯಾರು, ಪಡ್ರೆ ಕಡೆಯ ಹಾಗೆ ಗುಡ್ಡ ಅಡ್ಡ ಕೊರೆದು ನೀರು ತರುವ ಸುರಂಗ ಅಂತೂ ಇಲ್ಲವೇ ಇಲ್ಲ. ಕೆಳಗೆ ಅಂಗಡಿ ಮೇಲೆ ಮನೆ ಅನ್ನುವುದೂ ಆಗುವುದಿಲ್ಲ. ಬದಿಯಡ್ಕ ಪೇಟೆಯಂಥ ಪೇಟೆ ಇದರಲ್ಲಿ ಕಟ್ಟಲಿಕ್ಕೆ ಸಾಧ್ಯವಿಲ್ಲ, ನಾನು ನೋಡಿಯಾಯಿತು. ಎಲ್ಲ ಹೊರದೇಶದ ಮನೆಗಳು. ಬೇರೆಯವರು ಮಾಡಿಟ್ಟ ಕಟ್ಟಡಗಳನ್ನು ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯ ವರ್ಕ್‌ಶಾಪಿನಿಂದ ಪುಕ್ಕಟೆ ತಂದು ಹಾಕಬಹುದು, ಆದರೆ ಅದಕ್ಕೆ ಲ್ಯಾಪ್‌ಟಾಪು ಗಟ್ಟಿ ಇರಬೇಕು. ಆಟದಲ್ಲಿ ಕನ್ನಡವೂ ಇಲ್ಲ. ಮೇಲೆ ಒಂದು ನೀಲಿ ಹಕ್ಕಿ ಕೂತು ಜನರ ಮಾತು ಇಂಗ್ಲಿಷಿನಲ್ಲಿ ಚಿಲಿಪಿಲಿ ಅನ್ನುತ್ತಿರುತ್ತದೆ. ನೂರರಲ್ಲಿ ತೊಂಬತ್ತು ಮಾತು ಪ್ರಯೋಜನಕ್ಕಿಲ್ಲ.

ನನ್ನದು 8 ಜಿಬಿ ರ್ಯಾಮಿನ ಹಳೆಯ ಲ್ಯಾಪ್‌ಟಾಪು. ಇಪ್ಪತ್ತು ಸಾವಿರ ಜನದವರೆಗೆ ಪರವಾಗಿಲ್ಲ, ಆಮೇಲೆ ತೆವಳುತ್ತದೆ. ಬಿಸಿ ಎಷ್ಟಾಗುತ್ತದೆ ಅಂದರೆ ಊಟದ ಮಣೆಯ ಮೇಲಿಟ್ಟು ಅಡಿಯಿಂದ ಗಾಳಿ ಹೋಗುವ ಹಾಗೆ ಮಾಡಿದ್ದೇನೆ. ರಿಪೇರಿಗೆ ಒಯ್ದಾಗ ಅಂಗಡಿಯವರು ಫ್ಯಾನಿನಿಂದ ತೆಗೆದ ಧೂಳು ಒಂದು ಹಿಡಿ ಇತ್ತು. ಬ್ಯಾಟರಿ ಸತ್ತಿದೆ, ಹಾಗಾಗಿ ಕರೆಂಟು ಹೋದರೆ ಊರೂ ಹೋಯಿತು. ಆಟೋಸೇವ್ ಅಂತ ಸೆಟ್ಟಿಂಗಿನಲ್ಲಿ ಇದೆ, ಮೊದಲ ದಿನವೇ ಹಾಕಿಡಿ. ನಾನು ಹಾಕಿದ್ದು ಒಂದು ಗಾಳಿಮಳೆಯ ರಾತ್ರಿ ಮೂರು ಗಂಟೆಯ ಕೆಲಸ ಕಳಕೊಂಡ ಮೇಲೆ.

ಆಟಕ್ಕೆ ಮೇಲಿಂದ ಮೇಲೆ ತುಂಡು ತುಂಡಾಗಿ ಸೇರಿಸಿ ಮಾರುತ್ತಾರೆ. ಎಲ್ಲ ಸೇರಿಸಿದರೆ ಮೂಲ ಆಟಕ್ಕಿಂತ ಎಷ್ಟೋ ಪಾಲು ದುಡ್ಡು. ಎಲ್ಲ ಬೇಡ. 2017ರ ಮಾಸ್ ಟ್ರಾನ್ಸಿಟ್ ಒಳ್ಳೆಯದಿದೆ, ದೋಣಿ ಸರ್ವೀಸು ಬರುತ್ತದೆ, ವಲಿಯಪರಂಬ ದ್ವೀಪದ ಕಡೆಯವರಿಗೆ ಖುಷಿಯಾದೀತು. 2018ರ ಇಂಡಸ್ಟ್ರೀಸ್ ಕೂಡ ಆಗಬಹುದು, ಅಡಿಕೆ ಮಾತ್ರ ಅದರಲ್ಲೂ ಇಲ್ಲ. ಹಿಮ ಬೀಳುವ ಸ್ನೋಫಾಲ್ ನಮಗೆ ಎಂತಕ್ಕೆ. ಯಾವುದನ್ನೂ ಪೂರ್ತಿ ಬೆಲೆಗೆ ತೆಗೆಯಬೇಡಿ, ವರ್ಷಕ್ಕೆ ಹಲವು ಸಲ ಸೇಲ್ ಬರುತ್ತದೆ, ಆಗ ನೋಡಿ. ಎರಡನೇ ಭಾಗ 2023ರ ಅಕ್ಟೋಬರ್ 24ಕ್ಕೆ ಬಂತು. ಅದರಲ್ಲಿ ಕೆಳಗೆ ಅಂಗಡಿ ಮೇಲೆ ಮನೆ ಮಾಡಲಿಕ್ಕೆ ಆಗುತ್ತದೆ, ಜಾಗವೂ ಬಹಳ ದೊಡ್ಡದು. ಆದರೆ ಬಿಡುಗಡೆಗೆ ಮೊದಲೇ ಮಾಡಿದವರೇ ಹೇಳಿದ್ದರು, ವೇಗದಲ್ಲಿ ನಾವು ಅಂದುಕೊಂಡ ಮಟ್ಟ ಮುಟ್ಟಿಲ್ಲ ಅಂತ. ಒಳ್ಳೆಯ ಕಂಪ್ಯೂಟರುಗಳೇ ಆಗ ತಿಣುಕಿದವು. ನನ್ನ ಮಣೆಯ ಮೇಲಿನ ಲ್ಯಾಪ್‌ಟಾಪಿಗೆ ಅದರ ಹೆಸರು ಹೇಳಿದರೂ ಸಾಕು. ಹಳೆಯದೇ ತೆಗೆಯಿರಿ.

ಯಾರಿಗೆ ಬೇಡ ಅಂದರೆ, ಗೆಲ್ಲಬೇಕು ಅನ್ನುವವರಿಗೆ. ಇದರಲ್ಲಿ ಗೆಲುವು ಅಂತ ಒಂದು ಜಾಗವೇ ಇಲ್ಲ. ಗುಂಡು ಹೊಡೆಯುವ ಆಟದ ರುಚಿ ಹತ್ತಿದ ಮಕ್ಕಳು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ, ನಮ್ಮಲ್ಲಿ ಪಕ್ಕದ ಮನೆಯ ಇಬ್ಬರು ಹಾಗೆ ಮಾಡಿದರು. ಇನ್ನು ಕೆಲವರು ಹೊಳೆಯನ್ನು ನೋಡುತ್ತಾ ಕೂರಬಲ್ಲರು. ಅಂಥವರಿಗೆ ಹೇಳಿ ಮಾಡಿಸಿದ್ದು.

ಆರನೇ ಊರಿನಲ್ಲಿ ಈಗ ಮೂವತ್ತೊಂದು ಸಾವಿರ ಜನ. ಒಡ್ಡು ತುಂಬಿ ದಾಟುತ್ತಿದೆ, ಅಜ್ಜ ದಿನಾ ಸಂಜೆ ಒಂದು ಸಲ ನೀರು ಎಷ್ಟಿದೆ ಅಂತ ಕೇಳುತ್ತಾರೆ. ಹೈವೇಯಿಂದ ಇಳಿಯುವ ಎರಡನೇ ಜಂಕ್ಷನಿನಲ್ಲಿ ಮಾತ್ರ ಬ್ಲಾಕ್ ಶುರುವಾಗಿದೆ. ಅಳಿಯ ಫೋನಿನಲ್ಲಿ ಫ್ಲೈಓವರ್ ಹಾಕಿ ಅನ್ನುತ್ತಿದ್ದಾನೆ. ಹಾಕಿದರೆ ಅಡಿಯಲ್ಲಿ ಹದಿನಾಲ್ಕು ಮನೆ ಹೋಗುತ್ತದೆ, ಅದರಲ್ಲಿ ಎರಡು ನಾನು ಮೊದಲ ಬೀದಿ ಎಳೆದಾಗ ಬಂದವು. ಶನಿವಾರ ಅವನು ಬರುತ್ತಾನೆ, ಅಲ್ಲಿಯವರೆಗೆ ಪಾಸ್ ಒತ್ತಿ ಆಟ ನಿಲ್ಲಿಸಿ ಇಟ್ಟಿದ್ದೇನೆ.